ಗಡಿಯಾರಕ್ಕೆ ಸಿಗದ ದುಡಿಮೆ

ಸಲಿಕೆಯಲ್ಲಿ ಒಮ್ಮೆಗೆ ಎಷ್ಟು ಭಾರ ಎತ್ತಿದರೆ ಕೂಲಿಯಾಳು ದಿನಕ್ಕೆ ಅತಿ ಹೆಚ್ಚು ಕೆಲಸ ಮಾಡಬಲ್ಲ? ಈ ಪ್ರಶ್ನೆಯನ್ನು ಪ್ರಯೋಗಶಾಲೆಯ ಶಿಸ್ತಿನಿಂದ ಕೇಳಿದಾತ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಭಾರವನ್ನು ಬದಲಿಸುತ್ತ ಹೋದಾಗ ಬಂದ ಉತ್ತರ ಸುಮಾರು 21 ಪೌಂಡ್, ಅಂದರೆ ಒಂಬತ್ತೂವರೆ ಕಿಲೋ. ಅದಿರಿಗೆ ಚಿಕ್ಕ ಸಲಿಕೆ, ಹಗುರವಾದ ಬೂದಿಗೆ ದೊಡ್ಡದು. ಲೋಲಕದ ಉದ್ದ ಬದಲಿಸಿ ಅವಧಿ ಬರೆದುಕೊಳ್ಳುವ ನಮ್ಮ ವಿದ್ಯಾರ್ಥಿಗಳಿಗೆ ಈ ಕ್ರಮ ಹೊಸದಲ್ಲ.

1911ರಲ್ಲಿ ಪ್ರಕಟವಾದ ಆತನ ಪುಸ್ತಕದಿಂದ 'ವೈಜ್ಞಾನಿಕ ನಿರ್ವಹಣೆ' ಮನೆಮಾತಾಯಿತು. ಕೆಲಸವನ್ನು ಬಿಡಿಬಿಡಿಯಾಗಿ ಅಳೆಯಬೇಕು, ಅತ್ಯುತ್ತಮ ವಿಧಾನ ಕಂಡುಕೊಳ್ಳಬೇಕು, ಅದನ್ನೇ ಎಲ್ಲರಿಗೂ ಕಲಿಸಬೇಕು. ಯೋಚನೆ ಮೇಲಿನವರದು, ದುಡಿಮೆ ಕೆಳಗಿನವರದು. ಕಾರ್ಮಿಕರು ಸುಮ್ಮನೆ ಒಪ್ಪಲಿಲ್ಲ. ಅದೇ ವರ್ಷ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಸ್ಟಾಪ್‌ವಾಚ್ ವಿರೋಧಿಸಿ ಮುಷ್ಕರ ಹೂಡಿದರು.

ಉಕ್ಕಿನ ಈ ಲೆಕ್ಕ ಊಟಕ್ಕೂ ಬಂತು. 1948ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್‌ಡೊನಾಲ್ಡ್ ಸೋದರರು ತಮ್ಮ ಹೋಟೆಲನ್ನು ಕೆಲಕಾಲ ಮುಚ್ಚಿ, ತಿಂಡಿಗಳ ಪಟ್ಟಿ ಮೊಟಕುಗೊಳಿಸಿ, ಅಡುಗೆಮನೆಯನ್ನು ಕಾರ್ಖಾನೆಯಂತೆ ಜೋಡಿಸಿದರು. ನಮ್ಮ ದರ್ಶಿನಿಗಳ ಟೋಕನ್, ನಿಂತು ತಿನ್ನುವ ಮೇಜುಗಳಲ್ಲೂ ಇಂಥದೇ ಲೆಕ್ಕಾಚಾರವಿದೆ. (ಟೇಲರನ ಹೆಸರು ಅಲ್ಲಿ ಯಾರಿಗೂ ಬೇಕಾಗಿಲ್ಲ!)

ಇಡ್ಲಿ ಬೇಯುವ ಹೊತ್ತನ್ನು ಅಳೆಯಬಹುದು. ಕಾಲ್ ಸೆಂಟರಿನ ಕೆಲಸ? ಅಲ್ಲಿ ಪ್ರತಿ ಕರೆಗೆ ಹಿಡಿದ ಸರಾಸರಿ ಸಮಯವನ್ನು ಅಳೆಯುವ ರೂಢಿಯಿದೆ. ಅವಸರದಲ್ಲಿ ಮಾತು ಮುಗಿಸಿದರೆ, ತೊಂದರೆ ಬಗೆಹರಿಯದ ಗ್ರಾಹಕ ಮತ್ತೆ ಫೋನು ಮಾಡುತ್ತಾನೆ. ಲೆಕ್ಕದಲ್ಲಿ ಮಾತ್ರ ಎರಡು ಚುರುಕಾದ ಕರೆಗಳು! ಅಳತೆ ಸರಿಯೇ, ಅಳೆದದ್ದು ತಪ್ಪು. ಅದಿರು ಮರುಪ್ರಶ್ನೆ ಹಾಕುವುದಿಲ್ಲ, ಗ್ರಾಹಕ ಹಾಕುತ್ತಾನೆ. ಅವನಿಗೆ ತೃಪ್ತಿಯಾಯಿತೇ ಎಂಬುದೂ ಕೆಲಸದ ಭಾಗ.

ವಿಮಾನದ ಪರಿಚಾರಿಕೆಯರನ್ನು ಅಧ್ಯಯನ ಮಾಡಿದ ಸಮಾಜವಿಜ್ಞಾನಿ ಆರ್ಲಿ ಹಾಕ್‌ಷೀಲ್ಡ್ 1983ರಲ್ಲಿ ಇನ್ನೊಂದು ಅಂಶವನ್ನು ಮುಂದಿಟ್ಟರು. ಸಂಬಳಕ್ಕಾಗಿ ನಗುವುದೂ ದುಡಿಮೆಯೇ. ರೇಗುವ ಗ್ರಾಹಕನೆದುರು ದಿನವಿಡೀ ನಕ್ಕು ಮನೆಗೆ ಬಂದ ಮಗಳ ಆಯಾಸವನ್ನು ತಾಯಿ ಗುರುತಿಸಬಹುದು, ಸ್ಟಾಪ್‌ವಾಚ್ ಗುರುತಿಸದು.

ಇಂಥ ನೌಕರಿಗೆ ಮಕ್ಕಳು ಸೇರುವಾಗ ಸಂಬಳದ ಜೊತೆಗೆ ಇನ್ನೆರಡನ್ನು ವಿಚಾರಿಸುವುದು ಒಳ್ಳೆಯದು: ಕೆಲಸವನ್ನು ಯಾವುದರಿಂದ ಅಳೆಯುತ್ತಾರೆ? ಹೆಚ್ಚು ದುಡಿದರೆ ಲಾಭದಲ್ಲಿ ದುಡಿದವರ ಪಾಲೆಷ್ಟು? ಟೇಲರ್ ತಾನೇ ಕೊಟ್ಟಿರುವ ಲೆಕ್ಕದಲ್ಲಿ, ಕಬ್ಬಿಣದ ಗಟ್ಟಿ ಹೊರುವವನ ಕೆಲಸ ದಿನಕ್ಕೆ 12.5 ಟನ್ನಿನಿಂದ 47.5 ಟನ್ನಿಗೆ ಏರಿತು, ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ.