ಇಲ್ಲದವನ ವಿಭಕ್ತಿ

‘ರಾಮನು ಮನೆಯಲ್ಲಿದ್ದಾನೆ’, ‘ರಾಮನು ಮನೆಯಲ್ಲಿಲ್ಲ’ — ಇದ್ದರೂ ಇಲ್ಲದಿದ್ದರೂ ನಮ್ಮ ರಾಮನು ಪ್ರಥಮಾ ವಿಭಕ್ತಿಯನ್ನು ಬಿಡುವುದಿಲ್ಲ. ಪೋಲೆಂಡ್ ದೇಶದ ಪೋಲಿಷ್ ಭಾಷೆಯಲ್ಲಿ ಹಾಗಲ್ಲ. ‘ಯಾನ್ ಯೆಸ್ತ್ ವ್ ದೊಮು’ ಎಂದರೆ ಯಾನ್ ಎಂಬಾತನು ಮನೆಯಲ್ಲಿದ್ದಾನೆ ಎಂದರ್ಥ. ಅವನು ಮನೆಯಲ್ಲಿಲ್ಲವೆನ್ನಬೇಕಾದರೆ ‘ಯಾನಾ ನ್ಯೆ ಮಾ ವ್ ದೊಮು’ ಎನ್ನಬೇಕು. ‘ಯಾನಾ’ ಎಂಬುದು ಷಷ್ಠೀ ವಿಭಕ್ತಿ. ‘ನ್ಯೆ ಮಾ’ ಎಂಬುದಕ್ಕೆ ಅಕ್ಷರಶಃ ಅರ್ಥ ‘ಹೊಂದಿಲ್ಲ’. ಯಾರು ಹೊಂದಿಲ್ಲ? ವಾಕ್ಯದಲ್ಲಿ ಅದಕ್ಕೆ ಉತ್ತರವಿಲ್ಲ! ಭೂತಕಾಲದಲ್ಲಿ ಅದು ‘ನ್ಯೆ ಬಿವೊ’ ಎಂದಾಗುವುದು. ಇಲ್ಲದವನು ಒಬ್ಬ ಗಂಡಸಾಗಲಿ, ಇಲ್ಲದವರು ಹತ್ತು ಮಕ್ಕಳಾಗಲಿ, ಕ್ರಿಯಾಪದವು ನಪುಂಸಕಲಿಂಗದ ಏಕವಚನದಲ್ಲಿಯೇ ನಿಲ್ಲುವುದು. (ನಮ್ಮ ‘ಇಲ್ಲ’ವೂ ಲಿಂಗವಚನಗಳನ್ನು ಲೆಕ್ಕಿಸದಷ್ಟೆ.) ಹಾಗಾದರೆ ಪೋಲಿಷ್ ವಾಕ್ಯಕ್ಕೆ ಕರ್ತೃವೇ ಇಲ್ಲವೆ? ಕರ್ತೃವೆಂದರೆ ಯಾರು ಎಂಬ ಮೂಲಪ್ರಶ್ನೆಯೇ ಇಲ್ಲಿ ಏಳುವುದು.

ಒಂದು ಸುಳಿವುಂಟು. ಪೋಲಿಷ್‌ನಲ್ಲಿ ನಿಷೇಧ ಬಂದೊಡನೆ ಕರ್ಮಪದವು ದ್ವಿತೀಯೆಯನ್ನು ಬಿಟ್ಟು ಷಷ್ಠಿಗೆ ಸರಿಯುವುದು. ‘ಪುಸ್ತಕವನ್ನು ಓದುತ್ತೇನೆ’ ಎಂಬಲ್ಲಿ ‘ಕ್ಶೊಂಷ್ಕೆ’. ‘ಓದುವುದಿಲ್ಲ’ ಎಂಬಲ್ಲಿ ‘ಕ್ಶೊಂಷ್ಕಿ’. ಇಲ್ಲದ ಯಾನನೂ ಹೀಗೆಯೇ ಕರ್ಮದಂತೆ ನಡೆದುಕೊಳ್ಳುತ್ತಾನೆ.

1978ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ಡೇವಿಡ್ ಪರ್ಲ್‌ಮಟರ್ ಅವರು ಅಕರ್ಮಕ ಕ್ರಿಯೆಗಳಲ್ಲಿಯೇ ಎರಡು ಜಾತಿಗಳುಂಟೆಂದು ವಾದಿಸಿದರು. ಕುಣಿಯುವವನು, ದುಡಿಯುವವನು ನಿಜವಾದ ಕರ್ತೃಗಳು. ಉದುರುವ ಎಲೆ, ಸಾಯುವ ಮನುಷ್ಯ ಮೇಲ್ನೋಟಕ್ಕೆ ಮಾತ್ರ ಕರ್ತೃಗಳು. ವಾಕ್ಯದ ಒಳರಚನೆಯಲ್ಲಿ ಅವು ಕರ್ಮಗಳೇ. ರಷ್ಯನ್ ಭಾಷೆ ಈ ವಾದಕ್ಕೆ ಒಳ್ಳೆಯ ಸಾಕ್ಷಿ. ‘ಉತ್ತರ ಬರಲಿಲ್ಲ’ ಎನ್ನುವಾಗ ಅಲ್ಲಿ ಉತ್ತರವನ್ನು ಪ್ರಥಮೆಯಲ್ಲಿಯೂ ಹೇಳಬಹುದು, ಷಷ್ಠಿಯಲ್ಲಿಯೂ ಹೇಳಬಹುದು. ಆದರೆ ಅದರ ನೆರೆಯ ಬಂಧುವಾದ ಪೋಲಿಷ್ ಇದಕ್ಕೆ ಒಪ್ಪದು. ಅಲ್ಲಿ ಬಾರದ ಉತ್ತರಕ್ಕೆ ಪ್ರಥಮೆಯೇ ಗತಿ. ನಿಷೇಧದಿಂದ ಹುಟ್ಟುವ ಈ ಷಷ್ಠಿ ಬಹುಮಟ್ಟಿಗೆ ‘ಇರು’ ಎಂಬ ಧಾತುವಿಗೇ ಮೀಸಲು.

ಹಾಗೆಂದು ಆ ಎರಡು ಜಾತಿಗಳು ಪೋಲಿಷ್‌ನಲ್ಲಿ ಇಲ್ಲವೆನ್ನುವಂತಿಲ್ಲ. ‘ಒಪಾದ್ವೆ ಲಿಶ್ಚೆ’ ಎಂದರೆ ಉದುರಿದ ಎಲೆಗಳು. ಇದೇ ಪ್ರತ್ಯಯವನ್ನು ಹಚ್ಚಿ ‘ದುಡಿದ ಆಳು’ ಎನ್ನಲು ಬಾರದು. ಕನ್ನಡದಲ್ಲಿ ಎರಡೂ ಸಲೀಸು.

ಎಲ್ಲಕ್ಕಿಂತ ಸ್ವಾರಸ್ಯವಾದುದು, ನನಗೆ ತೋರುವ ಮಟ್ಟಿಗೆ, ‘ಇರು’ ಧಾತುವಿನ ಇಬ್ಬಗೆಯ ನಡೆ. ‘ಯಾನ್ ನ್ಯೆ ಬಿವ್ ನಾ ಕೊಂತ್ಸೆರ್ಚೆ’ ಎಂದು ಪ್ರಥಮೆಯಲ್ಲಿ ಹೇಳಿದರೆ ಅವನು ಸಂಗೀತ ಕಚೇರಿಗೆ ಹೋಗಲಿಲ್ಲವೆಂದು ಭಾವ; ಹೋಗದೆ ಉಳಿದವನು ಅವನೇ. ‘ಯಾನಾ ನ್ಯೆ ಬಿವೊ’ ಎಂದರೆ, ಅಲ್ಲಿದ್ದವರ ಕಣ್ಣಿಗೆ ಅವನು ಬೀಳಲಿಲ್ಲವೆಂದಷ್ಟೆ.