ಕತ್ತೆಮರಿಯ ಎತ್ತರವೂ ವಯಸ್ಸೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದೊಡನೆ ಭತ್ತ, ಹತ್ತಿ, ಮೆಣಸಿನಕಾಯಿಗಳು ನಮ್ಮ ನೆನಪಿಗೆ ಬರುವುವೇ ಹೊರತು ಕತ್ತೆ ಬಾರದು. ಅಗಸರ ಗಂಟನ್ನೂ ಕುಂಬಾರರ ಮಣ್ಣನ್ನೂ ಹೊತ್ತು ಬಂದ ಈ ಪ್ರಾಣಿಯ ಮೈಯನ್ನು ಅಳೆಯುವ ಗೋಜಿಗೆ ಹೋಗುವವರು ವಿರಳ. ಅಳೆದರೆ ತಿಳಿಯುವುದಿಷ್ಟು: ಮರಿಯ ಎತ್ತರ ನಮ್ಮನ್ನು ವಂಚಿಸುತ್ತದೆ.

ಅಳತೆಗಳಲ್ಲಿ ಮುಖ್ಯವಾದುವು ಮೂರು. ನೆಲದಿಂದ ಹೆಗಲಿನ ದಿಬ್ಬದವರೆಗಿನ ಎತ್ತರ, ಭುಜದ ಮೊನೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದ, ಮುಂಗಾಲುಗಳ ಹಿಂದೆ ಪಟ್ಟಿಯನ್ನು ಸುತ್ತಿ ನೋಡುವ ಎದೆಯ ಸುತ್ತಳತೆ. ನೆಲ ಸಮತಟ್ಟಾಗಿರಬೇಕು, ಮರಿ ನಾಲ್ಕು ಕಾಲುಗಳ ಮೇಲೂ ನೇರವಾಗಿ ನಿಲ್ಲಬೇಕು. ಈ ಎರಡನೆಯದು ಎಷ್ಟು ಸುಲಭವೆಂಬುದನ್ನು ಕತ್ತೆಮರಿಯನ್ನು ಹಿಡಿದು ನಿಲ್ಲಿಸಿದವರೇ ಹೇಳಬೇಕು!

ತಾಯಿಯ ಗರ್ಭದಲ್ಲಿ ಸುಮಾರು 12 ತಿಂಗಳಿದ್ದು ಹುಟ್ಟುವ ಮರಿ ಅಂದೇ ಎದ್ದು ತಾಯಿಯ ಹಿಂದೆ ನಡೆಯುತ್ತದೆ. ಇದರ ಪೂರ್ವಜವಾದ ಆಫ್ರಿಕದ ಕಾಡುಕತ್ತೆಗೆ ಬಯಲಿನಲ್ಲಿ ಓಟವೇ ರಕ್ಷೆಯಾಗಿತ್ತಷ್ಟೆ. ಆದುದರಿಂದ ಹುಟ್ಟುವಾಗಲೇ ಮರಿಗೆ ವಯಸ್ಕ ಕತ್ತೆಯ ಅರ್ಧಕ್ಕೂ ಮೀರಿದ ಎತ್ತರವಿರುತ್ತದೆ. ತೂಕವಾದರೋ ಹತ್ತರಲ್ಲೊಂದು ಪಾಲಿನ ಆಸುಪಾಸು. ಕಾಲು ಮೊದಲು ಬೆಳೆಯುತ್ತದೆ. ಎದೆಯ ಆಳವೂ ಅಗಲವೂ ಅನಂತರ ತುಂಬಿಕೊಳ್ಳುತ್ತವೆ. ಎರಡು ವರ್ಷದ ಮರಿ ನೋಡುವವರಿಗೆ ಪೂರ್ಣ ಬೆಳೆದ ಕತ್ತೆಯಂತೆಯೇ ಕಂಡೀತು. ಆದರೆ ಅದರ ಕೆಲವು ಎಲುಬುಗಳ ತುದಿಯಲ್ಲಿ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಬೆನ್ನೆಲುಬು ಬಲಿಯುವುದು ಇನ್ನೂ ತಡವಾಗಿ. ಹೊರೆ ಬೀಳುವುದೋ ಆ ಬೆನ್ನಿನ ಮೇಲೆಯೇ. 1965ರ ನಿಯಮಗಳು ಕತ್ತೆಯ ಹೊರೆಗೆ 50 ಕಿಲೋಗ್ರಾಂಗಳ ಮಿತಿಯನ್ನು ಹಾಕಿವೆ. ವಯಸ್ಸಿನಿಂದಾಗಿ ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯನ್ನು ದುಡಿಸುವುದನ್ನು 1960ರ ಕಾಯಿದೆಯೇ ನಿಷೇಧಿಸಿದೆ.

ಒಂದೇ ವಯಸ್ಸಿನ ಮರಿಗಳಲ್ಲಿಯೂ ವ್ಯತ್ಯಾಸ ಉಂಟು. ಬೂದು, ಕಂದು, ಕಪ್ಪು ಎಂಬ ಬಣ್ಣಗಳಾಗಲಿ ಹೆಗಲ ಮೇಲಿನ ಅಡ್ಡಪಟ್ಟೆಯಾಗಲಿ ಬಲವನ್ನು ಸೂಚಿಸುವುದಿಲ್ಲ. ಹಾಲು, ಮೇವು, ಹೊಟ್ಟೆಯ ಹುಳುಗಳ ಪ್ರಭಾವ ಮಾತ್ರ ಅಳತೆಯಲ್ಲಿ ಕಾಣುತ್ತದೆ. ಹಾನಗಲ್ಲಿನ ಅರೆಮಲೆನಾಡಿನ ಮರಿಯನ್ನು ಸವಣೂರಿನ ಬಯಲುಸೀಮೆಯ ಮರಿಯೊಡನೆ ಹೋಲಿಸುವಾಗ ವಯಸ್ಸು, ಲಿಂಗ, ಆಹಾರ ಇವೆಲ್ಲ ಸಮನಾಗಿರಬೇಕು. ಇಲ್ಲವಾದರೆ ಹಸಿವನ್ನೇ ತಳಿಯ ಗುಣವೆಂದು ಬರೆದಿಟ್ಟಂತಾದೀತು. (ಸವಣೂರಿನ ಪ್ರಸಿದ್ಧ ದೊಡ್ಡಹುಣಸೆ ಮರಗಳೂ ಆಫ್ರಿಕ ಮೂಲದವೇ, ಅವುಗಳ ಕಾಂಡವನ್ನು ಅಳೆಯಲು ಜನರಿಗೆ ಬಲು ಉತ್ಸಾಹ!)

ಸೌರಾಷ್ಟ್ರದ ಹಲಾರಿ, ಹಿಮಾಚಲದ ಸ್ಪಿತಿ ಕತ್ತೆಗಳು ತಳಿಗಳೆಂದು ಮನ್ನಣೆ ಪಡೆದುದಕ್ಕೆ ಇಂತಹ ಅಳತೆಗಳೂ ಆಧಾರವಾದುವು. ಉಳಿದ ಕಡೆಗಳಲ್ಲಿ ಅಳೆಯಲು ಕಾಲಾವಕಾಶ ಹೆಚ್ಚಿಲ್ಲ. 2012ರಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷವಿದ್ದ ಕತ್ತೆಗಳು 2019ರ ಗಣತಿಯಲ್ಲಿ 1.2 ಲಕ್ಷಕ್ಕೆ ಇಳಿದಿದ್ದುವು.

ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಬಾಯಿಯನ್ನು ತೆರೆಸಿ ನೋಡಬೇಕು. ಹಾಲುಹಲ್ಲು ಬಿದ್ದು ಬಾಚಿಹಲ್ಲುಗಳ ನಡುವಿನ ಜೋಡಿ ಬದಲಾಗುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ.