ಯಾರು ಹೋದರು, ಯಾರು ಉಳಿದರು, ಯಾರು ಬಂದರು?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ನವೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ಅಭಿಮಾನಿಗಳ ಚರ್ಚೆಗೆ ಮಾತ್ರ ಬಿಡುವಿಲ್ಲ. ಓದು ಮುಗಿಸಿ ಹೋಗುವವರು ಯಾರು, ವೃತ್ತಿಪರ ಲೀಗ್ ಎನ್‌ಬಿಎಗೆ ಜಿಗಿಯುವವರು ಯಾರು, ಸೆಂಟರ್ ಸ್ಥಾನ ತುಂಬುವವರು ಯಾರು ಎಂಬ ಲೆಕ್ಕಾಚಾರ ಫೈನಲ್ ಮುಗಿದ ಮರುದಿನವೇ ಆರಂಭವಾಗುತ್ತದೆ. ತಂಡದಲ್ಲಿ ಯಾರು ಆಡಬಹುದು, ಎಷ್ಟು ವರ್ಷ ಇರಬಹುದು ಎಂಬ ನಿಯಮ ಬದಲಾದಾಗಲೆಲ್ಲ ಈ ಚರ್ಚೆಯ ಸ್ವರೂಪವೂ ಬದಲಾಗಿದೆ.

ಪುರುಷರ ರಾಷ್ಟ್ರೀಯ ಟೂರ್ನಿ 1939ರಲ್ಲಿ ಎಂಟು ತಂಡಗಳೊಂದಿಗೆ ಶುರುವಾಯಿತು. ಬಹುಕಾಲ ಮೊದಲ ವರ್ಷದ ವಿದ್ಯಾರ್ಥಿಗಳಿಗೆ, ಅಂದರೆ ಫ್ರೆಶ್‌ಮನ್‌ಗಳಿಗೆ, ಮುಖ್ಯ ತಂಡದಲ್ಲಿ ಜಾಗವಿರಲಿಲ್ಲ. ಅವರದೇ ಬೇರೆ ತಂಡ ಇರುತ್ತಿತ್ತು. ಹೀಗಾಗಿ ಮುಂದಿನ ವರ್ಷ ಆಡುವ ಹುಡುಗ ಹೇಗಿದ್ದಾನೆಂದು ಅಭಿಮಾನಿಗಳು ವರ್ಷವಿಡೀ ನೋಡಿಕೊಂಡಿರುತ್ತಿದ್ದರು. ಇದಕ್ಕೆ ಅತಿ ದೊಡ್ಡ ಉದಾಹರಣೆ ಸಿಕ್ಕಿದ್ದು 1965ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ. ಅಲ್ಲಿನ ಮುಖ್ಯ ತಂಡ ಸತತ ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಆ ತಂಡವನ್ನು ಅದೇ ಕಾಲೇಜಿನ ಫ್ರೆಶ್‌ಮನ್ ತಂಡ 75-60ರಿಂದ ಸೋಲಿಸಿತು. ಗೆದ್ದ ತಂಡದಲ್ಲಿದ್ದ ಲ್ಯೂ ಆಲ್ಸಿಂಡರ್ ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದರು. ಅವರು ಮುಖ್ಯ ತಂಡಕ್ಕೆ ಬಂದ ಮೇಲೆ 1967, 1968, 1969ರಲ್ಲಿ ಯುಸಿಎಲ್‌ಎ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಒಂದು ಕಾಲೇಜಿನ ಅಭಿಮಾನಿಗಳ ನಿರೀಕ್ಷೆ ಇಷ್ಟು ಕರಾರುವಾಕ್ಕಾಗಿ ಫಲಿಸಿದ್ದು ಅಪರೂಪ.

1972ರಲ್ಲಿ ಫ್ರೆಶ್‌ಮನ್ ನಿರ್ಬಂಧ ಹೋಯಿತು. ಹೈಸ್ಕೂಲಿನಿಂದ ಬರುವ ಹುಡುಗ ನೇರವಾಗಿ ಮುಖ್ಯ ತಂಡದಲ್ಲಿ ಆಡುವಂತಾದದ್ದರಿಂದ ಹೈಸ್ಕೂಲ್ ಆಟಗಾರರ ಮೇಲೂ ಕಣ್ಣಿಡುವುದು ಅಭಿಮಾನಿಗಳಿಗೆ ಅನಿವಾರ್ಯವಾಯಿತು. ಋತುವಿಗೆ ಮುಂಚಿನ ಕಾತರಕ್ಕೆ ಒಂದು ಹಬ್ಬದ ರೂಪ ಬಂದದ್ದೂ ಆ ದಿನಗಳಲ್ಲೇ. ಆಗ ಅಕ್ಟೋಬರ್ 15ಕ್ಕೆ ಮುಂಚೆ ಅಭ್ಯಾಸ ನಡೆಸುವಂತಿರಲಿಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಚ್ ಲೆಫ್ಟಿ ಡ್ರೀಸೆಲ್ ಬೆಳಗಾಗುವವರೆಗೂ ಕಾಯಲಿಲ್ಲ. 1971ರ ಅಕ್ಟೋಬರ್ 15ರಂದು ನಡುರಾತ್ರಿ ದಾಟಿ ಮೂರು ನಿಮಿಷಕ್ಕೆ ಆಟಗಾರರನ್ನು ಕ್ರೀಡಾಂಗಣದ ಟ್ರ್ಯಾಕ್‌ನಲ್ಲಿ ಓಡಿಸಿದರು. ಬೆಳಕಿಗೆ ಕಾರುಗಳ ಹೆಡ್‌ಲೈಟ್! ಓಟ ನೋಡಲು ವಿದ್ಯಾರ್ಥಿಗಳು ನಿದ್ದೆಗೆಟ್ಟು ಬಂದಿದ್ದರು. ‘ಮಿಡ್‌ನೈಟ್ ಮ್ಯಾಡ್‌ನೆಸ್’ ಎಂಬ ಹೆಸರಿನಲ್ಲಿ ಈ ಪದ್ಧತಿ ಮುಂದೆ ದೇಶದ ತುಂಬ ಹಬ್ಬಿತು. ಹೊಸ ತಂಡವನ್ನು ಜನ ಮೊದಲ ಬಾರಿ ಕಣ್ತುಂಬ ನೋಡುವ ರಾತ್ರಿ ಅದಾಯಿತು.

ಮುಂದಿನ ದೊಡ್ಡ ತಿರುವು ಕಾಲೇಜಿನ ಹೊರಗಿನಿಂದ ಬಂತು. ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ, ಬರುವವರಿಗೆ ಆ ವರ್ಷ 19 ತುಂಬಬೇಕು ಎಂಬ ಎನ್‌ಬಿಎ ನಿಯಮ 2006ರ ಡ್ರಾಫ್ಟ್‌ನಿಂದ ಜಾರಿಗೆ ಬಂತು. ಹೈಸ್ಕೂಲಿನಿಂದ ನೇರ ಎನ್‌ಬಿಎ ಸೇರಬಹುದಾಗಿದ್ದ ಪ್ರತಿಭೆಗಳು ಒಂದು ವರ್ಷದ ಮಟ್ಟಿಗೆ ಕಾಲೇಜಿಗೆ ಬರತೊಡಗಿದವು. ಕೆಂಟಕಿಯ ಆ್ಯಂಟನಿ ಡೇವಿಸ್ 2012ರಲ್ಲಿ ಫ್ರೆಶ್‌ಮನ್ ಆಗಿಯೇ ಪ್ರಶಸ್ತಿ ಗೆದ್ದು ಹೊರಟುಬಿಟ್ಟರು. ಇನ್ನೊಂದು ಕಡೆ, ಹಳಬರನ್ನು ಉಳಿಸಿಕೊಂಡ ತಂಡಗಳ ಮೇಲಿನ ನಂಬಿಕೆಯೂ ಹುಸಿಯಾಗಲಿಲ್ಲ. 2018ರಲ್ಲಿ ವರ್ಜೀನಿಯಾ 16ನೇ ಶ್ರೇಯಾಂಕದ ಯುಎಂಬಿಸಿ ಎದುರು 54-74ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ತಂಡಕ್ಕೆ ಹಿಂದೆಂದೂ ಇಂಥ ಸೋಲಾಗಿರಲಿಲ್ಲ. ಆ ಸೋಲನ್ನು ಉಂಡ ಕೈಲ್ ಗೈ, ಟೈ ಜೆರೋಮ್, ಗಾಯದಿಂದ ಹೊರಗಿದ್ದ ಡಿಆಂಡ್ರೆ ಹಂಟರ್ ಮೂವರೂ ಮರಳಿ ಬಂದರು. ಮರುವರ್ಷ ವರ್ಜೀನಿಯಾ ಚಾಂಪಿಯನ್ ಆಯಿತು.

ಇಂಥ ಕಥೆಗೆ ಈಗ ಅವಕಾಶ ಕಡಿಮೆ. ಮೊದಲು ಕಾಲೇಜು ಬದಲಿಸಿದವರು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ, ಕಾಲೇಜು ಬದಲಿಸಬಯಸುವವರ ಹೆಸರು ದಾಖಲಾಗುವ ‘ಟ್ರಾನ್ಸ್‌ಫರ್ ಪೋರ್ಟಲ್’ ಬಂತು. 2021ರಲ್ಲಿ ಒಂದು ಸಲದ ಮಟ್ಟಿಗೆ ಆ ಕಾಯುವಿಕೆಯೂ ತಪ್ಪಿತು. 2024ರಲ್ಲಿ ಒಂದೇ ಸಲ ಎಂಬ ಮಿತಿಯನ್ನೂ ತೆಗೆಯಲಾಯಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. ಕ್ರೀಡಾಂಗಣ ತುಂಬಿಸುವ ಹುಡುಗರಿಗೆ ಬರಿಗೈ ಎಂಬ ಹಳೆಯ ಅನ್ಯಾಯ ಇದರಿಂದ ತಕ್ಕಮಟ್ಟಿಗೆ ಸರಿಹೋಯಿತು. ಆದರೆ ಒಬ್ಬ ಆಟಗಾರ ನಾಲ್ಕು ವರ್ಷದಲ್ಲಿ ಪಳಗುವುದನ್ನು ನೋಡುವ ಸುಖ ಅಭಿಮಾನಿಗಳಿಗೆ ತಪ್ಪುತ್ತಿರುವುದೂ ಅಷ್ಟೇ ನಿಜ. 2025ರ ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 65-63ರಿಂದ ಮಣಿಸಿದ ಫ್ಲಾರಿಡಾದ ಮೊದಲ ಐವರಲ್ಲಿ ನಾಲ್ವರು ಬೇರೆ ಕಾಲೇಜುಗಳಿಂದ ಬಂದವರು. ವಾಲ್ಟರ್ ಕ್ಲೇಟನ್ ಐಯೋನಾದಿಂದ, ವಿಲ್ ರಿಚರ್ಡ್ ಬೆಲ್‌ಮಾಂಟ್‌ನಿಂದ ಬಂದಿದ್ದರೆ, ಅಲೈಜಾ ಮಾರ್ಟಿನ್ 2023ರಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ಪರ ಸೆಮಿಫೈನಲ್ ಆಡಿದ್ದರು.

ಹೀಗಾಗಿ ಇಂದಿನ ಚರ್ಚೆ ಐಪಿಎಲ್ ಹರಾಜಿನ ಹಿಂದುಮುಂದಿನ ದಿನಗಳನ್ನು ನೆನಪಿಸುತ್ತದೆ. ಪಂದ್ಯ 40 ನಿಮಿಷದ್ದು, ಅಂಗಳದಲ್ಲಿ ಐವರು; ಒಟ್ಟು 200 ನಿಮಿಷ. ಈ 200 ನಿಮಿಷವನ್ನು ಆಟಗಾರರಿಗೆ ಹಂಚಿ ನೋಡುವುದು ಅಭಿಮಾನಿಗಳ ಮೆಚ್ಚಿನ ಕಸರತ್ತು. ಚಿಕ್ಕ ಲೀಗ್‌ನಲ್ಲಿ ಪಂದ್ಯಕ್ಕೆ 18 ಅಂಕ ಗಳಿಸಿದವನು ದೊಡ್ಡ ಲೀಗ್‌ನ ಎತ್ತರದ ಡಿಫೆಂಡರ್‌ಗಳ ಎದುರು ಎಷ್ಟು ಗಳಿಸಿಯಾನು? ಚೆಂಡು ಕೈಯಲ್ಲಿಟ್ಟುಕೊಂಡೇ ಆಡುವ ಇಬ್ಬರು ಗಾರ್ಡ್‌ಗಳು ಒಟ್ಟಿಗೆ ಹೊಂದುತ್ತಾರೆಯೇ? ವಾದ ಹೆಚ್ಚಾಗಿ ಇಲ್ಲೇ ಬಿಸಿಯೇರುತ್ತದೆ.

2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಒಪ್ಪಂದದಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ 13 ಸ್ಕಾಲರ್‌ಶಿಪ್‌ಗಳ ಹಳೆಯ ಮಿತಿಯ ಜಾಗಕ್ಕೆ, ಒಪ್ಪಂದ ಒಪ್ಪಿದ ಕಾಲೇಜುಗಳಲ್ಲಿ, 15 ಆಟಗಾರರ ಮಿತಿ ಬಂದಿದೆ. ಆ ಹಣದ ಮಿತಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ ಹೋಗಿ ಬ್ಯಾಸ್ಕೆಟ್‌ಬಾಲ್‌ಗೆ ಉಳಿಯುವುದೆಷ್ಟು, ಅದರಲ್ಲಿ ಒಬ್ಬ ಒಳ್ಳೆಯ ಸೆಂಟರ್‌ಗೆ ಎಷ್ಟು ಕೊಡಬಹುದು ಎಂಬುದೂ ಈಗ ತಂಡದ ಬಲಾಬಲ ಅಳೆಯುವ ಲೆಕ್ಕಕ್ಕೆ ಸೇರಿದೆ.